ಮೈಎಸ್‌ಕ್ಯೂಎಲ್‌ನಿಂದ ಪೋಸ್ಟ್‌ಗ್ರೆಸ್‌ಗೆ: ಎರಡು ಡೇಟಾಬೇಸ್‌ಗಳನ್ನು ಹೊಂದಿಸಿ ಇಡುವುದು ಹೇಗೆ?

ಆರ್ಡರ್, ಗ್ರಾಹಕರ ವಿವರ ಎಲ್ಲ ಮೈಎಸ್‌ಕ್ಯೂಎಲ್‌ನಲ್ಲಿ. ವರದಿ, ಲೆಕ್ಕಾಚಾರ ಪೋಸ್ಟ್‌ಗ್ರೆಸ್‌ನಲ್ಲಿ. ಎಷ್ಟೋ ಕಂಪನಿಗಳಲ್ಲಿ ಇದೇ ಏರ್ಪಾಡು. ಅಲ್ಲಿ ಬದಲಾದದ್ದು ಇಲ್ಲಿಗೂ ಬೇಗ ಬರಬೇಕು. ಡೇಟಾ ಸಾಗಿಸುವ ಉಪಕರಣಗಳು ಸಿದ್ಧವಾಗಿಯೇ ಸಿಗುತ್ತವೆ. ಕೆಲಸ ಕೆಡುವುದು ಬೇರೆ ಎರಡು ಕಡೆ: ಒಂದೇ ಮೌಲ್ಯವನ್ನು ಎರಡೂ ಡೇಟಾಬೇಸ್‌ಗಳು ಬೇರೆ ಬೇರೆಯಾಗಿ ಓದುವಲ್ಲಿ, ಮತ್ತು ಅಳಿಸಿದ ಸಾಲುಗಳಲ್ಲಿ.

ಮೊದಲು ದಿಕ್ಕು ತೀರ್ಮಾನವಾಗಲಿ. ಒಂದು ಟೇಬಲ್‌ಗೆ ಬರೆಯುವ ಹಕ್ಕು ಒಂದೇ ಡೇಟಾಬೇಸ್‌ಗೆ ಇರಬೇಕು. ಎರಡೂ ಕಡೆ ಬರೆಯಲು ಬಿಟ್ಟರೆ, ಒಂದೇ ಸಾಲನ್ನು ಇಬ್ಬರು ತಿದ್ದಿದಾಗ ಒಬ್ಬರ ತಿದ್ದುಪಡಿ ಸದ್ದಿಲ್ಲದೆ ಹೋಗಿಬಿಡುತ್ತದೆ.

ಬದಲಾವಣೆ ಹಿಡಿಯುವ ಎರಡು ದಾರಿ

ಸುಲಭದ್ದು: ಪ್ರತಿ ಸಾಲಿನಲ್ಲಿ ‘ಅಪ್‌ಡೇಟೆಡ್ ಅಟ್’ ಕಾಲಂ ಇಟ್ಟು, ಕಳೆದ ಸಲದ ನಂತರ ಬದಲಾದ ಸಾಲುಗಳನ್ನು 5 ನಿಮಿಷಕ್ಕೊಮ್ಮೆ ಎತ್ತಿಕೊಳ್ಳುವುದು. ಇದರಲ್ಲಿ ಎರಡು ತೂತುಗಳಿವೆ. ಅಳಿಸಿದ ಸಾಲು ಕಣ್ಣಿಗೆ ಬೀಳುವುದೇ ಇಲ್ಲ. ಎರಡನೆಯದು, 10:00:00ಕ್ಕೆ ಸಾಲು ಬರೆದ ಟ್ರಾನ್ಸಾಕ್ಷನ್ 10:00:40ಕ್ಕೆ ಕಮಿಟ್ ಆಯಿತು (ಬರೆದದ್ದು ಖಾಯಂ ಆಯಿತು) ಎನ್ನಿ. ನಿಮ್ಮ ಕ್ವೆರಿ 10:00:30ಕ್ಕೆ ಓಡಿದ್ದರೆ ಆ ಸಾಲು ಆಗ ಕಾಣುವುದಿಲ್ಲ. ಮುಂದಿನ ಸಲ 10:00:30ರ ನಂತರದ್ದನ್ನು ಮಾತ್ರ ಕೇಳುವುದರಿಂದ ಆಗಲೂ ಸಿಗುವುದಿಲ್ಲ. ಪ್ರತಿ ಸಲವೂ ಹಿಂದಿನ 10 ನಿಮಿಷವನ್ನು ಸೇರಿಸಿ ಓದಿ, ಪೋಸ್ಟ್‌ಗ್ರೆಸ್‌ನಲ್ಲಿ ‘ಇನ್ಸರ್ಟ್… ಆನ್ ಕಾನ್‌ಫ್ಲಿಕ್ಟ್ ಡು ಅಪ್‌ಡೇಟ್’ (ಸಾಲು ಮೊದಲೇ ಇದ್ದರೆ ತಿದ್ದು, ಇಲ್ಲದಿದ್ದರೆ ಸೇರಿಸು) ಬಳಸಿದರೆ ಈ ತೂತು ಬಹುಮಟ್ಟಿಗೆ ಮುಚ್ಚುತ್ತದೆ. ಚಿಕ್ಕ ಟೇಬಲ್, ಗಂಟೆಗೊಂದು ವರದಿ ಎಂದಾದರೆ ಇಷ್ಟೇ ಸಾಕು.

ಉಳಿದವರಿಗೆ ಬಿನ್‌ಲಾಗ್ ದಾರಿ. ಮೈಎಸ್‌ಕ್ಯೂಎಲ್ ತನ್ನ ಪ್ರತಿ ಬದಲಾವಣೆಯನ್ನೂ ಬರೆದಿಡುವ ಬೈನರಿ ಲಾಗ್ ಅನ್ನು ಡೆಬೀಜಿಯಂ ಎಂಬ ಉಪಕರಣ ಓದಿ, ಸಂದೇಶಗಳನ್ನು ಸಾಲಾಗಿ ಹಿಡಿದಿಡುವ ಕಾಫ್ಕಾಕ್ಕೆ ಕಳಿಸುತ್ತದೆ. ಅಲ್ಲಿಂದ ಜೆಡಿಬಿಸಿ ಸಿಂಕ್ ಕನೆಕ್ಟರ್ ಎಂಬ ಇನ್ನೊಂದು ಉಪಕರಣ ಪೋಸ್ಟ್‌ಗ್ರೆಸ್‌ಗೆ ಬರೆಯುತ್ತದೆ.

ಸಿದ್ಧತೆ

ಬಿನ್‌ಲಾಗ್ ಫಾರ್ಮ್ಯಾಟ್ ‘ರೋ’, ರೋ ಇಮೇಜ್ ‘ಫುಲ್’ ಇರಲಿ (ಬದಲಾದ ಸಾಲು ಇಡಿಯಾಗಿ ಲಾಗ್‌ಗೆ ಬರುತ್ತದೆ). ಮೈಎಸ್‌ಕ್ಯೂಎಲ್ 8.0ರಲ್ಲಿ ಇವೆರಡೂ ಡಿಫಾಲ್ಟ್. ಲಾಗ್ ಉಳಿಯುವ ಅವಧಿ ಡಿಫಾಲ್ಟ್ ಆಗಿ 25,92,000 ಸೆಕೆಂಡ್, ಅಂದರೆ 30 ದಿನ. ಡಿಸ್ಕ್ ಉಳಿಸಲು ಇದನ್ನು 1 ದಿನಕ್ಕೆ ಇಳಿಸಿದ್ದರೆ, ಶನಿವಾರ ಸಂಜೆ ನಿಂತ ಡೆಬೀಜಿಯಂ ಕನೆಕ್ಟರ್ ಸೋಮವಾರ ಎದ್ದಾಗ ತಾನು ಬಿಟ್ಟ ಜಾಗದ ಲಾಗ್ ಇರುವುದೇ ಇಲ್ಲ. ಎಲ್ಲವನ್ನೂ ಮೊದಲಿನಿಂದ ತುಂಬಬೇಕಾಗುತ್ತದೆ. ಕನಿಷ್ಠ 7 ದಿನ ಇಡಿ. ಡೆಬೀಜಿಯಂಗೆ ಪ್ರತ್ಯೇಕ ಯೂಸರ್ ಮಾಡಿ. ಸೆಲೆಕ್ಟ್, ರೀಲೋಡ್, ಶೋ ಡೇಟಾಬೇಸಸ್, ರೆಪ್ಲಿಕೇಶನ್ ಸ್ಲೇವ್, ರೆಪ್ಲಿಕೇಶನ್ ಕ್ಲೈಂಟ್ ಅನುಮತಿ ಕೊಡಿ.

ಪೋಸ್ಟ್‌ಗ್ರೆಸ್ ಟೇಬಲ್‌ಗಳನ್ನು ಕೈಯಾರೆ ಬರೆಯುವುದೇ ಒಳ್ಳೆಯದು. ಇಲ್ಲಿ ಗಮನ ಬೇಕಾದವು:

- ‘ಬಿಗ್ಇಂಟ್ ಅನ್‌ಸೈನ್ಡ್’ (ಋಣವಲ್ಲದ ದೊಡ್ಡ ಪೂರ್ಣಾಂಕ) ಪೋಸ್ಟ್‌ಗ್ರೆಸ್‌ನಲ್ಲಿ ಇಲ್ಲ. ನ್ಯುಮೆರಿಕ್ 20 ಅಂಕೆ ಬಳಸಿ.
- ‘0000-00-00’ ದಿನಾಂಕವನ್ನು ಪೋಸ್ಟ್‌ಗ್ರೆಸ್ ಒಪ್ಪುವುದಿಲ್ಲ. ಕಾಲಂ ಖಾಲಿ ಇರಬಹುದಾದರೆ ಡೆಬೀಜಿಯಂ ಅದನ್ನು ನಲ್ ಮಾಡುತ್ತದೆ. ‘ನಾಟ್ ನಲ್’ ಆಗಿದ್ದರೆ 1970ರ ಜನವರಿ 1 ಎಂದು ಕಳಿಸುತ್ತದೆ. ವರದಿಯಲ್ಲಿ 1970ರ ಆರ್ಡರ್ ಕಂಡರೆ ಕಾರಣ ಇದೇ.
- ‘ಡೇಟ್‌ಟೈಮ್’ಗೆ ಟೈಮ್ ಝೋನ್ ಇಲ್ಲ, ಡೆಬೀಜಿಯಂ ಅದನ್ನು ಯುಟಿಸಿ ಎಂದೇ ಎಣಿಸುತ್ತದೆ. ಭಾರತದ ವೇಳೆಯಲ್ಲಿ ಬರೆದ 10:00 ಗಂಟೆ ‘ಟೈಮ್‌ಸ್ಟ್ಯಾಂಪ್ ವಿತ್ ಟೈಮ್ ಝೋನ್’ ಕಾಲಂಗೆ ಬಿದ್ದರೆ 15:30 ಆಗಿ ಕಾಣುತ್ತದೆ. ಝೋನ್ ಇಲ್ಲದ ಕಾಲಂ ಇಡಿ.
- ಮೈಎಸ್‌ಕ್ಯೂಎಲ್‌ನ ಸಾಮಾನ್ಯ ಕೊಲೇಶನ್‌ಗೆ (ಪಠ್ಯ ಹೋಲಿಸುವ ನಿಯಮಕ್ಕೆ) ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ ಒಂದೇ. ಪೋಸ್ಟ್‌ಗ್ರೆಸ್‌ಗೆ ಬೇರೆ ಬೇರೆ. ಒಂದೇ ಊರು ವರದಿಯಲ್ಲಿ ಎರಡು ಸಾಲಾಗಿ ಬರುತ್ತದೆ.

ಕನ್ನಡ ಪಠ್ಯವಿದ್ದರೆ ಇನ್ನೊಂದು ಪರೀಕ್ಷೆ ತಪ್ಪಿಸಬೇಡಿ. ಹಳೆಯ ಮೈಎಸ್‌ಕ್ಯೂಎಲ್ ಸರ್ವರ್‌ಗಳ ಡಿಫಾಲ್ಟ್ ಅಕ್ಷರ ಸಂಕೇತ ಲ್ಯಾಟಿನ್1, ಅದರಲ್ಲಿ ಕನ್ನಡ ಲಿಪಿಗೆ ಜಾಗವಿಲ್ಲ. ಅದರಲ್ಲಿ ಕನ್ನಡ ತುಂಬಿದ್ದರೂ ಹಳೆಯ ಅಪ್ಲಿಕೇಶನ್‌ಗೆ ಸರಿಯಾಗಿಯೇ ಕಾಣುತ್ತಿರಬಹುದು. ಪೋಸ್ಟ್‌ಗ್ರೆಸ್‌ಗೆ ಬಂದಾಗ ಮಾತ್ರ ಕಲಸುಮೇಲೋಗರ. ‘ಕನ್ನಡ’ ಎಂಬ ಪದದಲ್ಲಿ ಯೂನಿಕೋಡ್ ಲೆಕ್ಕಕ್ಕೆ 5 ಅಕ್ಷರಗಳು (ಕ, ನ, ಒತ್ತಕ್ಷರ ಮಾಡುವ ವಿರಾಮ ಚಿಹ್ನೆ, ನ, ಡ), ತಲಾ 3 ಬೈಟ್. ಅಕ್ಷರ ಎಣಿಸುವ ‘ಕ್ಯಾರ್ ಲೆಂಗ್ತ್’ 5 ಎಂದರೆ ಸರಿ. 15 ಎಂದರೆ ಬೈಟ್‌ಗಳನ್ನೇ ಅಕ್ಷರವೆಂದು ಎಣಿಸುತ್ತಿದೆ. ಆಗ ಮೊದಲು ಬ್ಯಾಕಪ್ ತೆಗೆದು, ಲ್ಯಾಟಿನ್1 ಕಾಲಂ ಅನ್ನು ಬರೀ ಬೈಟ್‌ಗಳನ್ನು ಇಡುವ ‘ವಾರ್‌ಬೈನರಿ’ಗೆ, ಅಲ್ಲಿಂದ ಯೂನಿಕೋಡಿನ ಯುಟಿಎಫ್8ಎಂಬಿ4ಗೆ ಬದಲಿಸಿ. ನೇರವಾಗಿ ಬದಲಿಸಿದರೆ ಕೆಟ್ಟ ಪಠ್ಯ ಕೆಟ್ಟದ್ದಾಗಿಯೇ ಉಳಿಯುತ್ತದೆ.

ಓಡಿಸುವಾಗ

ಸಿಂಕ್‌ನಲ್ಲಿ ಇನ್ಸರ್ಟ್ ಮೋಡ್ ‘ಅಪ್‌ಸರ್ಟ್’, ಪ್ರೈಮರಿ ಕೀ ಮೋಡ್ ‘ರೆಕಾರ್ಡ್ ಕೀ’, ಡಿಲೀಟ್ ‘ಟ್ರೂ’ ಮಾಡಿ. ಆಗ ಅದೇ ಸಂದೇಶ ಎರಡು ಸಲ ಬಂದರೂ ತೊಂದರೆಯಿಲ್ಲ. ಮೊದಲ ಬಾರಿ ಇಡೀ ಟೇಬಲ್‌ನ ಪ್ರತಿಯನ್ನು ಡೆಬೀಜಿಯಂ ತಾನೇ ತೆಗೆದು, ಬಳಿಕ ಲಾಗ್ ಹಿಡಿಯುತ್ತದೆ.

ಸಾಮಾನ್ಯವಾಗಿ ಪ್ರತಿ ಟೇಬಲ್ ಕಾಫ್ಕಾದ ಬೇರೆ ಟಾಪಿಕ್‌ನಲ್ಲಿ (ಸಂದೇಶಗಳ ಸಾಲಿನಲ್ಲಿ) ಬರುತ್ತದೆ, ಹಾಗಾಗಿ ಆರ್ಡರ್‌ಗಿಂತ ಮೊದಲು ಅದರ ಐಟಂಗಳು ಬರಬಹುದು. ಪೋಸ್ಟ್‌ಗ್ರೆಸ್ ಕಡೆ ಫಾರಿನ್ ಕೀ (ಐಟಂಗೆ ಅದರ ಆರ್ಡರ್ ಇರಲೇಬೇಕೆಂಬ ಕಟ್ಟು) ಹಾಕಬೇಡಿ. ಆದರೆ ಇದರಿಂದಲೇ ಹೆಚ್ಚಿನವರು ಎಡವುವ ತೊಡಕು ಹುಟ್ಟುತ್ತದೆ. ಮೈಎಸ್‌ಕ್ಯೂಎಲ್ 8.0ರಲ್ಲಿ ‘ಆನ್ ಡಿಲೀಟ್ ಕ್ಯಾಸ್ಕೇಡ್’ ಇದ್ದರೆ, ಆರ್ಡರ್ ಅಳಿಸಿದಾಗ ಐಟಂಗಳನ್ನು ಮೈಎಸ್‌ಕ್ಯೂಎಲ್‌ನ ಸ್ಟೋರೇಜ್ ಎಂಜಿನ್ ಇನೋಡಿಬಿ ತನ್ನೊಳಗೇ ಅಳಿಸುತ್ತದೆ. ಬಿನ್‌ಲಾಗ್‌ನಲ್ಲಿ ಅದರ ಸುಳಿವೇ ಇರುವುದಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಆರ್ಡರ್ ಹೋಗುತ್ತದೆ, ಐಟಂಗಳು ಉಳಿಯುತ್ತವೆ, ಮಾರಾಟದ ಮೊತ್ತ ಉಬ್ಬುತ್ತದೆ. ಯಾವ ಎರರ್ ಸಂದೇಶವೂ ಬರುವುದಿಲ್ಲ. ಕ್ಯಾಸ್ಕೇಡ್ ಬದಲು, ಐಟಂ ಇರುವಾಗ ಆರ್ಡರ್ ಅಳಿಸಲು ಬಿಡದ ‘ರಿಸ್ಟ್ರಿಕ್ಟ್’ ಹಾಕಿ, ಅಪ್ಲಿಕೇಶನ್ನೇ ಮೊದಲು ಐಟಂ, ಆಮೇಲೆ ಆರ್ಡರ್ ಅಳಿಸುವಂತೆ ಮಾಡಿ. ಅದಾಗದಿದ್ದರೆ ತಾಯಿ ಸಾಲಿಲ್ಲದ ಐಟಂಗಳನ್ನು ಹುಡುಕಿ ತೆಗೆಯುವ ಕ್ವೆರಿಯನ್ನು ರಾತ್ರಿ ಹೊತ್ತು ಓಡಿಸಿ.

ಹೊಸ ಕಾಲಂ ಸೇರಿಸುವಾಗ ಮೊದಲು ಪೋಸ್ಟ್‌ಗ್ರೆಸ್‌ನಲ್ಲಿ, ನಂತರ ಮೈಎಸ್‌ಕ್ಯೂಎಲ್‌ನಲ್ಲಿ. ತೆಗೆಯುವಾಗ ಇದರ ತಿರುವುಮುರುವು.

ತಾಳೆ ನೋಡುವುದು

ಒಟ್ಟು ಸಾಲುಗಳ ಎಣಿಕೆ ಸಾಲದು. ಒಂದು ತಪ್ಪಿ, ಇನ್ನೊಂದು ಹೆಚ್ಚಾಗಿ ಉಳಿದರೂ ಲೆಕ್ಕ ಸರಿಬರುತ್ತದೆ. ಐಡಿಗಳನ್ನು 10,000ದ ಗುಂಪು ಮಾಡಿ, ಪ್ರತಿ ಗುಂಪಿನ ಎಣಿಕೆ, ಐಡಿಗಳ ಮೊತ್ತ, ಹಣದ ಮೊತ್ತ ಹೋಲಿಸಿ. ವ್ಯತ್ಯಾಸ ಕಂಡ ಗುಂಪನ್ನು ಮಾತ್ರ ಸಾಲು ಸಾಲಾಗಿ ನೋಡಿ. ಕಳೆದ 15 ನಿಮಿಷಗಳಲ್ಲಿ ಬದಲಾದ ಸಾಲುಗಳನ್ನು ಹೋಲಿಕೆಯಿಂದ ಬಿಡಿ, ಅವು ದಾರಿಯಲ್ಲಿರಬಹುದು.

ಜೊತೆಗೆ ಮೈಎಸ್‌ಕ್ಯೂಎಲ್‌ನಲ್ಲಿ ಒಂದೇ ಸಾಲಿನ ಟೇಬಲ್ ಮಾಡಿ, ನಿಮಿಷಕ್ಕೊಮ್ಮೆ ಅದರಲ್ಲಿ ಆಗಿನ ಸಮಯ ಬರೆಯಿರಿ. ಪೋಸ್ಟ್‌ಗ್ರೆಸ್‌ಗೆ ಬಂದ ಆ ಸಮಯ ಗಡಿಯಾರಕ್ಕಿಂತ 5 ನಿಮಿಷ ಹಿಂದೆ ಬಿದ್ದರೆ ಅಲರ್ಟ್ ಹೋಗುವಂತಿರಲಿ. ಕನೆಕ್ಟರ್ ‘ರನ್ನಿಂಗ್’ ಎಂದು ತೋರಿಸುತ್ತಲೇ ಡೇಟಾ ನಿಂತಿರುವುದುಂಟು. ಅದನ್ನು ಹಿಡಿಯುವುದು ಈ ಒಂದು ಸಾಲು.