ಕೆರೆ ಪಕ್ಕದ ಮನೇಲಿ ಬೂಷ್ಟು ಓಡ್ಸೋದು ಹೇಗೆ

ಬೆಂಗಳೂರಿನ ಅಗರ ಕೆರೆ ಹತ್ರ ಬಂದ್ಮೇಲೆ ಗೊತ್ತಾಯ್ತು, ಮಳೆಗಾಲ ಶುರುವಾದ್ರೆ ಬೀರು ಹಿಂದಿನ ಗೋಡೇಲಿ ಬೂಷ್ಟು ಗ್ಯಾರಂಟಿ ಅಂತ. ಮೊದ್ಲು ಬೀರುನ ಗೋಡೆಯಿಂದ ನಾಲ್ಕು ಬೆರಳು ಮುಂದಕ್ಕೆಳೀರಿ, ಗಾಳಿ ಆಡ್ಲಿ, ಬಿಸಿಲಿದ್ದಾಗ ಕಿಟಕಿ ತೆಗ್ದಿಡಿ, ಸೊಳ್ಳೆ ಬರೋಕ್ಮುಂಚೆ ಮುಚ್ಚಿ.

ಬೂಷ್ಟನ್ನ ಒಣಬಟ್ಟೇಲಿ ಉಜ್ಜಬೇಡಿ, ಪುಡಿ ಹಾರಿ ಸೀದಾ ಮೂಗಿಗೆ ಹೋಗುತ್ತೆ. ಬಿಳಿ ವಿನೆಗರ್‌ಗೆ ನೀರು ಬೆರೆಸ್ದೆ ಹಾಗೇ ಸ್ಪ್ರೇ ಮಾಡಿ, ಒಂದ್ಗಂಟೆ ಬಿಟ್ಟು ಒದ್ದೆ ಬಟ್ಟೇಲಿ ಒರೆಸಿ, ಆಮೇಲೆ ಫ್ಯಾನ್ ಹಾಕಿ. ಕಡಪ ಕಲ್ಲು, ಮಾರ್ಬಲ್ ಮೇಲೆ ಮಾತ್ರ ಬೇಡ, ಆ್ಯಸಿಡ್ ಕಲ್ಲನ್ನೇ ತಿನ್ನುತ್ತೆ, ನಮ್ಮ ಅಡುಗೆಮನೆ ಕಟ್ಟೇಲಿ ಬಾಟಲಿ ತಳದ ಬಿಳಿ ಗುರುತು ಇವತ್ತಿಗೂ ಹೋಗಿಲ್ಲ, ಅಮ್ಮ ಬಂದಾಗೆಲ್ಲ ಅದ್ರ ಮೇಲೆ ತಟ್ಟೆ ಇಡ್ತೀನಿ. ಬ್ಲೀಚ್ ಜೊತೆ ವಿನೆಗರ್ ಸೇರಿಸಲೇಬೇಡಿ, ಕ್ಲೋರಿನ್ ಗ್ಯಾಸ್ ಬರುತ್ತೆ.

ನೆಲಕ್ಕೆ, ಪಾತ್ರೆಗೆ ಅಂಟುವಾಳ. ಹತ್ತು ಕಾಯಿ ಬೀಜ ತೆಗ್ದು ರಾತ್ರಿ ನೆನೆಸಿ, ಬೆಳಗ್ಗೆ ಕುದಿಸಿ, ಆರಿದ್ಮೇಲೆ ಕಿವುಚಿ ಸೋಸಿ. ಫ್ರಿಜ್‌ನಲ್ಲಿಟ್ರೆ ವಾರ ಬರುತ್ತೆ, ಹೊರಗಿಟ್ರೆ ಎರಡೇ ದಿನಕ್ಕೆ ನಾತ. ನೊರೆ ಕಮ್ಮಿ ಅಂತ ಬೇಜಾರಾಗ್ಬೇಡಿ, ಜಾಸ್ತಿ ನೊರೆ ಬಂದ್ರೆ ಏನಾಗುತ್ತೆ ಅಂತ ಬೆಳ್ಳಂದೂರು ಕೆರೆ ನೊರೆ ಉಕ್ಕಿ ರೋಡಿಗೆ ಬಂದಿದ್ದು ನೋಡಿದೀವಲ್ಲ.

ಟೈಮಿದ್ರೆ ಬಯೋ ಎನ್ಜೈಮ್, ಅಂದ್ರೆ ಹಣ್ಣಿನ ಸಿಪ್ಪೆ ಹುಳಿ ಬರಿಸಿ ಮಾಡೋ ಕ್ಲೀನರ್, ಮಾಡಿ: ಬೆಲ್ಲ 1 ಪಾಲು, ಕಿತ್ತಳೆ ನಿಂಬೆ ಸಿಪ್ಪೆ 3, ನೀರು 10, ಮೂರು ತಿಂಗಳು. ಪ್ಲಾಸ್ಟಿಕ್ ಬಾಟಲೀಲೇ ಹಾಕಿ, ಮೊದಲ ತಿಂಗಳು ದಿನಾ ಮುಚ್ಚಳ ತಿರುಗಿಸಿ ಗ್ಯಾಸ್ ಬಿಡಿ, ಇಲ್ಲಾಂದ್ರೆ ರಾತ್ರಿ ಢಮಾರ್.