ಪರದೇಶದ ಹೆದ್ದಾರಿಯಲ್ಲಿ ಲಾರಿ ಡ್ರೈವರ್ ಜೀವ ಕಾಯುವುದು ಹೇಗೆ?

ಹೊರದೇಶದಲ್ಲಿ ಲಾರಿ ಓಡಿಸುವವರಿಗೆ ದರೋಡೆ, ದಾಳಿಗಳ ಬಗ್ಗೆ ಸಿಗುವ ಸಲಹೆ ಸಾಮಾನ್ಯವಾಗಿ ಒಂದೇ: ‘ಹುಷಾರಾಗಿರಪ್ಪ’. ಹೇಳೋದು ಸುಲಭ, ಖರ್ಚೂ ಇಲ್ಲ. ಆದರೆ ದಿನವಿಡೀ ಸ್ಟೇರಿಂಗ್ ಹಿಡಿದು ಕೂತವನ ಹುಷಾರು ರಾತ್ರಿ ಹೊತ್ತಿಗೆ ಎಷ್ಟು ಉಳಿದಿರುತ್ತದೆ? ಡ್ರೈವರ್‌ನನ್ನು ಕಾಪಾಡುವ ಕೆಲಸದ ದೊಡ್ಡ ಪಾಲು ಲಾರಿ ಹೊರಡುವ ಮೊದಲೇ, ಮಾಲೀಕರ ಕಚೇರಿಯಲ್ಲೇ ಮುಗಿದಿರಬೇಕು. ಹಾಗಾಗಿ ಇಲ್ಲಿರುವುದು ಡ್ರೈವರ್‌ಗಳಿಗೂ ಹೌದು, ಅವರನ್ನು ಕಳಿಸುವವರಿಗೂ ಹೌದು.

ದಾರಿ ಮೊದಲೇ ಗೊತ್ತುಮಾಡಿ

ಯಾವ ರಸ್ತೆ, ಎಲ್ಲಿ ಡೀಸೆಲ್, ಎಲ್ಲಿ ನಿದ್ದೆ ಎಂಬುದನ್ನು ಹೊರಡುವ ಮೊದಲೇ ಬರೆದಿಡಿ. ಟ್ಯಾಂಕ್ ತುಂಬಿಸಿ, ಊಟ ಮುಗಿಸಿಯೇ ಲೋಡಿಂಗ್‌ಗೆ ಹೋಗಿ. ಅಮೆರಿಕದಲ್ಲಿ ಹೇಳುವ ಒಂದು ನಿಯಮ ಎಲ್ಲ ಕಡೆಗೂ ಒಪ್ಪುತ್ತದೆ: ಲೋಡ್ ಎತ್ತಿದ ಮೇಲೆ ಮೊದಲ 200 ಮೈಲಿ, ಅಂದರೆ ಸುಮಾರು 320 ಕಿ.ಮೀ., ನಿಲ್ಲಿಸಬೇಡಿ. ಗೋದಾಮಿನ ಗೇಟಿನಿಂದಲೇ ಹಿಂಬಾಲಿಸಿ ಬರುವವರು ಕಾಯುವುದು ಆ ಮೊದಲ ನಿಲುಗಡೆಯನ್ನೇ. ಒಳಗೇನಿದೆ, ಎಲ್ಲಿಗೆ ಹೊರಟಿದೆ ಎಂದು ಯಾರೇ ಕೇಳಿದರೂ ಮಾತು ಮರೆಸಿ. ಸುದ್ದಿ ಎಷ್ಟೋ ಸಲ ಒಳಗಿನವರಿಂದಲೇ ಸೋರಿರುತ್ತದೆ ಅನ್ನೋದೂ ನೆನಪಿರಲಿ.

ಸರಕಿನ ಕಳ್ಳರು ಬೇರೆ, ರೊಚ್ಚಿಗೆದ್ದ ಗುಂಪು ಬೇರೆ. ದಕ್ಷಿಣ ಆಫ್ರಿಕದ ಡರ್ಬನ್–ಜೊಹಾನ್ಸ್‌ಬರ್ಗ್ ನಡುವಿನ ಎನ್3 ಹೆದ್ದಾರಿಯನ್ನೇ ನೋಡಿ. ಮೂಯಿ ರಿವರ್ ಟೋಲ್ ಬಳಿ 2018ರಲ್ಲಿ ಲಾರಿಗಳಿಗೆ ಬೆಂಕಿ ಇಟ್ಟರು, 2021ರ ಜುಲೈನಲ್ಲಿ ಮತ್ತೆ ಅಲ್ಲೇ. 2023ರಲ್ಲಿ ಅದೇ ರಸ್ತೆಯ ವಾನ್ ರೀನನ್ ಘಾಟಿಯಲ್ಲಿ. ವಿದೇಶಿ ಡ್ರೈವರ್‌ಗಳಿಗೆ ಕೆಲಸ ಕೊಡಬಾರದು ಎಂಬ ಸಿಟ್ಟು ಅಲ್ಲಿ ವರ್ಷಗಳಿಂದ ಇದೆ. ಇಂಥ ಗುಂಪು ದೂರದಲ್ಲಿ ಕಂಡರೆ ಆಗಲೇ ತಿರುಗಿಸಿ. ಮುಂದಿನ ಲಾರಿಯ ಹಿಂಚಕ್ರ ನೆಲ ಮುಟ್ಟುವ ಜಾಗ ಕಾಣುವಷ್ಟು ಅಂತರ ಬಿಟ್ಟರೆ ತಿರುಗಿಸಲು ಆಸ್ಪದ ಇರುತ್ತದೆ. ತಿರುಗಿಸಲು ಆಗದಿದ್ದರೆ ಲಾರಿ ಬಿಟ್ಟು ನಡೆದುಬಿಡಿ. ಬೆಂಕಿ ಬೀಳುವಾಗ ಕ್ಯಾಬಿನ್ನಿಗಿಂತ ಅಪಾಯದ ಜಾಗ ಇನ್ನೊಂದಿಲ್ಲ.

ಪಾರ್ಕಿಂಗ್ ದುಡ್ಡು ಯಾರದು?

ನನ್ನ ಪ್ರಕಾರ ಇಡೀ ವಿಷಯ ನಿಂತಿರುವುದು ಇದರ ಮೇಲೆ. ಓಡುವ ಲಾರಿಗಿಂತ ನಿಂತ ಲಾರಿ ಸುಲಭದ ತುತ್ತು. ಬೇಲಿ, ದೀಪ, ಕಾವಲು ಇರುವ ಜಾಗಕ್ಕೆ ಬಾಡಿಗೆ ಕೊಡಬೇಕು. ಮಾಲೀಕರು ಆ ದುಡ್ಡು ಕೊಡದಿದ್ದರೆ ಡ್ರೈವರ್ ಕತ್ತಲ ರಸ್ತೆಬದಿಯಲ್ಲಿ ಮಲಗುತ್ತಾನೆ. ಆಮೇಲೆ ‘ಅಲ್ಲಿ ಯಾಕೆ ನಿಲ್ಲಿಸಿದೆ’ ಅಂತ ಅವನನ್ನೇ ಬೈಯುವುದು ಬೇರೆ! ಯುರೋಪಿಯನ್ ಒಕ್ಕೂಟದಲ್ಲಿ ಸುರಕ್ಷಿತ ಲಾರಿ ಪಾರ್ಕಿಂಗ್‌ಗಳಿಗೆ ಕಂಚು, ಬೆಳ್ಳಿ, ಚಿನ್ನ, ಪ್ಲಾಟಿನಂ ಎಂಬ ನಾಲ್ಕು ದರ್ಜೆಗಳಿವೆ. 45 ಗಂಟೆಯ ವಾರದ ವಿಶ್ರಾಂತಿಯನ್ನು ಕ್ಯಾಬಿನ್ನಿನಲ್ಲಿ ತೆಗೆದುಕೊಳ್ಳುವಂತಿಲ್ಲ. ವಸತಿಯ ಖರ್ಚು ಮಾಲೀಕರದು. ಅಲ್ಲಿ ದುಡಿಯುವವರು ಇದನ್ನು ಹಕ್ಕಿನಿಂದ ಕೇಳಬಹುದು.

ಬೇರೆ ದಾರಿಯೇ ಇಲ್ಲದಾಗ ಟ್ರೈಲರ್‌ನ ಹಿಂಬಾಗಿಲು ಗೋಡೆಗೆ ಒತ್ತಿಕೊಳ್ಳುವಂತೆ ನಿಲ್ಲಿಸಿ, ಅಥವಾ ಎರಡು ಲಾರಿ ಬೆನ್ನಿಗೆ ಬೆನ್ನು ಕೊಟ್ಟು. ಕ್ಯಾಬಿನ್ನಿನ ಎರಡೂ ಬಾಗಿಲ ಹಿಡಿಗಳನ್ನು ಒಳಗಿನಿಂದ ಬೆಲ್ಟ್‌ನಲ್ಲಿ ಬಿಗಿದು ಮಲಗುವವರಿದ್ದಾರೆ, ಒಳ್ಳೆಯ ಅಭ್ಯಾಸ. ಬೆಳಿಗ್ಗೆ ಹೊರಡುವ ಮೊದಲು ಸೀಲ್, ಟಾರ್ಪಾಲು, ಟೈರು ಎಲ್ಲ ಒಮ್ಮೆ ಸುತ್ತಿ ನೋಡಿ. ಅಂದಹಾಗೆ, ಕಿಟಕಿಯಿಂದ ಗ್ಯಾಸ್ ಬಿಟ್ಟು ಪ್ರಜ್ಞೆ ತಪ್ಪಿಸಿ ದೋಚುತ್ತಾರೆ ಎಂಬ ಮಾತು ಡ್ರೈವರ್‌ಗಳಲ್ಲಿ ಜೋರಾಗಿದೆ. ವಾಸದ ವ್ಯಾನುಗಳ ಬಗ್ಗೆ ಹೀಗೇ ಸುದ್ದಿ ಹಬ್ಬಿದಾಗ, ಒಳಗಿದ್ದವರಿಗೆ ಗೊತ್ತಾಗದಂತೆ ಹಾಗೆ ಮಾಡಲು ಆಗುವುದಿಲ್ಲ ಎಂದು ಬ್ರಿಟನ್ನಿನ ಅರಿವಳಿಕೆ ತಜ್ಞರ ಸಂಸ್ಥೆಯೇ ಹೇಳಿತ್ತು. ಗ್ಯಾಸ್ ಅಲಾರಂಗೆ ಹಾಕುವ ದುಡ್ಡು ಬೀಗಕ್ಕೆ ಹಾಕಿ.

ಫೋನಿನಲ್ಲಿ ಒಂದು ಗುಟ್ಟು

ಜಿಪಿಎಸ್ ಇದೆ ಎಂದು ನಿಶ್ಚಿಂತೆ ಬೇಡ. ಕಳ್ಳರು ಜಾಮರ್ ತಂದಿರುತ್ತಾರೆ, ಸಿಗ್ನಲ್ಲೇ ಸತ್ತುಹೋಗುತ್ತದೆ. ಸಿಗ್ನಲ್ ಹೋದದ್ದನ್ನೇ ಅಪಾಯದ ಸೂಚನೆ ಎಂದು ಎಣಿಸುವ ಕಂಟ್ರೋಲ್ ರೂಮ್ ಬೇಕು, ರಾತ್ರಿಯೂ ಎದ್ದಿರುವಂಥದ್ದು.

ಅಲ್ಲಿಂದ ಫೋನ್ ಮಾಡಿ ‘ಎಲ್ಲ ಸರಿ ಇದೆಯಾ’ ಎಂದರೆ, ಕುತ್ತಿಗೆಗೆ ಪಿಸ್ತೂಲು ಇರುವವನೂ ‘ಸರಿ ಇದೆ’ ಅಂತಲೇ ಹೇಳುತ್ತಾನೆ, ಅಲ್ವಾ? ಅದರ ಬದಲು, ಮೊದಲೇ ಮಾತಾಡಿಕೊಂಡಂತೆ, ‘ಟೈರ್ ಬದಲಾಯಿಸಿದ್ರಾ?’ ಎಂದು ಕೇಳಲಿ. ‘ಹೂಂ, ಎಡಗಡೆದು’ ಅಂದರೆ ಕ್ಷೇಮ. ‘ಬಲಗಡೆದು’ ಅಂದರೆ ಪೊಲೀಸರಿಗೆ ಹೇಳಲಿ. ಪಕ್ಕದಲ್ಲಿ ಕೂತವನಿಗೆ ಇದರಲ್ಲಿ ಅನುಮಾನ ಬರುವಂಥದ್ದು ಏನೂ ಇಲ್ಲ. ಆ ದೇಶದ ಭಾಷೆಯಲ್ಲೂ ಈ ಮಾತನ್ನು ಗೊತ್ತುಮಾಡಿಕೊಳ್ಳಿ. ನಿಮ್ಮ ಭಾಷೆಯಲ್ಲಿ ಮಾತಾಡಲು ಅವರು ಬಿಡದೇ ಇರಬಹುದು.

ಪೊಲೀಸ್ ವೇಷದವರು ಅಡ್ಡ ಹಾಕಿದರೆ? ಅನುಮಾನ ಬಂದರೆ ಹಜಾರ್ಡ್ ಲೈಟ್ ಹಾಕಿ, ವೇಗ ತಗ್ಗಿಸಿ, ಹಿಂದೆ ಬನ್ನಿ ಎಂದು ಕೈಸನ್ನೆ ಮಾಡಿ ಹತ್ತಿರದ ಠಾಣೆಗೆ ನಿಧಾನವಾಗಿ ಓಡಿಸಿ. ದಕ್ಷಿಣ ಆಫ್ರಿಕದಲ್ಲಿ ಹೇಳಿಕೊಡುವ ಕ್ರಮ ಇದು. ಬೇರೆ ದೇಶದಲ್ಲಿ ಇದಕ್ಕೆ ಏನೆನ್ನುತ್ತಾರೆಂದು ಮೊದಲೇ ಕೇಳಿ ತಿಳಿದುಕೊಳ್ಳಿ. ತುರ್ತು ನಂಬರೂ ಅಷ್ಟೇ: ಯುರೋಪಿನಲ್ಲಿ 112, ಮೆಕ್ಸಿಕೊದಲ್ಲಿ 911, ದಕ್ಷಿಣ ಆಫ್ರಿಕದ ಪೊಲೀಸರದು 10111.

ಕಳ್ಳರು ಹಿಡಿದೇಬಿಟ್ಟರೆ

ಬಿಟ್ಟುಕೊಡಿ. ಲಾರಿ, ಸರಕು, ಫೋನು, ಎಲ್ಲ. ಕೈಗಳು ಅವರಿಗೆ ಕಾಣುವಂತಿರಲಿ. ಸೀಟ್ ಬೆಲ್ಟ್ ಬಿಚ್ಚುವ ಮುನ್ನ ‘ಬೆಲ್ಟ್ ಬಿಚ್ತೀನಿ’ ಎಂದು ಬಾಯಿಬಿಟ್ಟು ಹೇಳಿ, ಆಮೇಲೆ ಕೈ ಇಳಿಸಿ. ಮುಖ ದಿಟ್ಟಿಸಬೇಡಿ. ಅವರು ನೋಡುತ್ತಿರುವಾಗ ಪ್ಯಾನಿಕ್ ಬಟನ್ ಒತ್ತುವ ಸಾಹಸವೂ ಬೇಡ. ಸರಕು ಇಳಿಸಿಕೊಳ್ಳುವ ತನಕ ಗಂಟೆಗಟ್ಟಲೆ ಕೂಡಿಹಾಕಿ, ನಂತರ ನಿರ್ಜನ ಜಾಗದಲ್ಲಿ ಬಿಟ್ಟುಹೋಗುವುದುಂಟು. ಅದಕ್ಕೇ ಎರಡು ನಂಬರ್ ಬಾಯಿಪಾಠ ಇರಲಿ. ‘ಎದುರಿಸದೆ ಬಿಟ್ಟುಕೊಟ್ಟರೆ ಸಂಬಳ ಕಡಿಯುವುದಿಲ್ಲ’ ಎಂದು ಮಾಲೀಕರು ಲಿಖಿತವಾಗಿ ಕೊಡಬೇಕು. ಬಾಯಿಮಾತಿನ ಭರವಸೆ ನಂಬಿ ಯಾವ ಡ್ರೈವರೂ ಕೀಲಿ ಬಿಡುವುದಿಲ್ಲ.

ಬಿಡುಗಡೆಯಾದ ಮೇಲೆ ಮೊದಲು ವೈದ್ಯರು, ಆಮೇಲೆ ಹೇಳಿಕೆ. ಪೊಲೀಸರು ಡ್ರೈವರ್ ಮೇಲೆಯೇ ಅನುಮಾನ ಪಡುವುದು ಅಪರೂಪವಲ್ಲ. ಭಾಷೆ ಬಾರದಿದ್ದರೆ ದುಭಾಷಿಯನ್ನು ಕೇಳಿ, ಅರ್ಥವಾಗದ ಕಾಗದಕ್ಕೆ ಸಹಿ ಹಾಕಬೇಡಿ. ದೂರಿನ ಪ್ರತಿ ಕೈಗೆ ಸಿಗುವವರೆಗೆ ಠಾಣೆ ಬಿಡಬೇಡಿ. ಪಾಸ್‌ಪೋರ್ಟೂ ಹೋಗಿದ್ದರೆ, ಹೊಸದಕ್ಕಾಗಿ ರಾಯಭಾರ ಕಚೇರಿಗೆ ಹೋದಾಗ ಆ ಪ್ರತಿ ಬೇಕಾಗುತ್ತದೆ.