ಮಾತ್ರೆಯಿಂದ ಆದ ಹಾನಿಗೆ ಪರಿಹಾರ ಕೇಳಿದ್ದು: ನನ್ನ ಅನುಭವ

ಔಷಧಿಯಿಂದ ತೊಂದರೆ ಆಯ್ತು ಅನ್ನುವುದಷ್ಟೇ ಕೇಸ್ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದ್ರೆ ನನ್ನನ್ನು ಕೇಳುವವರೆಲ್ಲ ಅಲ್ಲಿಂದಲೇ ಶುರು ಮಾಡುತ್ತಾರೆ. ಅಡ್ಡಪರಿಣಾಮವೇ ಇಲ್ಲದ ಮಾತ್ರೆ ಎಲ್ಲಿದೆ? ಗ್ರಾಹಕರ ಆಯೋಗ ಕೇಳುವ ಪ್ರಶ್ನೆಗಳೇ ಬೇರೆ. ಅಪಾಯ ಇದೆ ಅಂತ ಡಾಕ್ಟ್ರಿಗೆ ಗೊತ್ತಿರಬೇಕಿತ್ತಾ? ನಿಮಗೆ ಹೇಳಿದ್ದರಾ? ಲಕ್ಷಣ ಕಂಡಾಗ ನಿಲ್ಲಿಸಿದರಾ?

ನಮ್ಮಮ್ಮನಿಗೆ ಮುಖದ ಒಂದು ಕಡೆ ಕರೆಂಟ್ ಹೊಡೆದ ಹಾಗೆ ನೋವು ಬರುತ್ತಿತ್ತು. ಟ್ರೈಜೆಮಿನಲ್ ನ್ಯೂರಾಲ್ಜಿಯಾ ಅಂದರು, ಕಾರ್ಬಮಜೆಪಿನ್ ಬರೆದರು. ಆ ನೋವಿಗೆ ಅದು ಸರಿಯಾದ ಮಾತ್ರೆಯೇ. ಅದರ ಬಗ್ಗೆ ನಮ್ಮ ತಕರಾರು ಯಾವತ್ತೂ ಇರಲಿಲ್ಲ. ಎರಡು ವಾರ ಕಳೆಯುತ್ತಿದ್ದ ಹಾಗೆ ಜ್ವರ, ಕೆಂಪು ಕಣ್ಣು, ಎದೆ ಮೇಲೆಲ್ಲ ದದ್ದು. ಫೋಟೊ ತೆಗೆದು ಕ್ಲಿನಿಕ್ಕಿನ ವಾಟ್ಸಾಪ್ ನಂಬರಿಗೆ ಕಳಿಸಿದೆ. ‘ಉಷ್ಣ ಆಗಿರಬೇಕು, ಅಲರ್ಜಿ ಮಾತ್ರೆ ಕೊಡಿ, ನೋವಿನ ಮಾತ್ರೆ ನಿಲ್ಲಿಸಬೇಡಿ’ ಅಂತ ಉತ್ತರ ಬಂತು. ಬಾಯಿ ತುಂಬ ಹುಣ್ಣಾಗಿ ನೀರು ಕುಡಿಯೋಕೂ ಆಗದೆ ಹೋದಾಗ ಬೇರೆ ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿನ ಚರ್ಮದ ಡಾಕ್ಟ್ರು ಮೊದಲು ಕೇಳಿದ್ದೇ ‘ಹೊಸದಾಗಿ ಯಾವ ಮಾತ್ರೆ ಶುರು ಮಾಡಿದ್ದೀರಿ?’ ಅಂತ. ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್. ಹೆಚ್ಚಾಗಿ ಮಾತ್ರೆಗಳಿಂದಲೇ ಬರುವ, ಜೀವಕ್ಕೇ ಕುತ್ತು ತರುವ ಚರ್ಮದ ಕಾಯಿಲೆ. ಅಮ್ಮ ಉಳಿದುಕೊಂಡರು. ಕಣ್ಣು ಒಣಗುವ ತೊಂದರೆ ಮಾತ್ರ ಹೋಗಲಿಲ್ಲ, ಈಗಲೂ ಡ್ರಾಪ್ಸ್ ಹಾಕುತ್ತಲೇ ಇರಬೇಕು.

ಆ ವಾಟ್ಸಾಪ್ ಉತ್ತರವೇ ನಮ್ಮ ಕೇಸು. ಉಳಿದ ಕಾಗದಗಳೆಲ್ಲ ಅದಕ್ಕೆ ಆಸರೆ.

ಕಾಗದಗಳ ವಿಷಯದಲ್ಲಿ ಸಂಕೋಚ ಬೇಡ. ರೋಗಿ ಅಥವಾ ಮನೆಯವರು ಬರೆದು ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು ಅಂತ ವೈದ್ಯರ ನಡತೆಯ 2002ರ ನಿಯಮಗಳಲ್ಲೇ ಇದೆ. ಡಿಸ್ಚಾರ್ಜ್ ಸಮ್ಮರಿ ಒಂದನ್ನೇ ಕೈಗಿಟ್ಟು ಕಳಿಸಲು ನೋಡುತ್ತಾರೆ. ಅದು ಸಾಲದು. ನರ್ಸ್‌ಗಳು ಬರೆದ ಪುಟಗಳ ಸಮೇತ ಪೂರ್ತಿ ಕೇಸ್ ಶೀಟ್ ಬೇಕು ಅಂತ ಅರ್ಜಿ ಕೊಟ್ಟು, ನನ್ನ ಪ್ರತಿಯ ಮೇಲೆ ಸೀಲ್ ಹಾಕಿಸಿಕೊಂಡೆ. ಬ್ಯಾಚ್ ನಂಬರ್ ಇರುವ ಮೆಡಿಕಲ್ ಶಾಪ್ ಬಿಲ್, ಉಳಿದ ಮಾತ್ರೆಗಳಿದ್ದ ಸ್ಟ್ರಿಪ್, ಮೂಲ ಚೀಟಿ ಎಲ್ಲ ಒಂದೇ ಫೈಲಿಗೆ ಹೋಯಿತು. ಚೀಟಿಯಲ್ಲಿ ‘ದದ್ದು ಬಂದರೆ ತಕ್ಷಣ ಬನ್ನಿ’ ಅನ್ನುವ ಒಂದು ಸಾಲೂ ಇರಲಿಲ್ಲ. ಆಮೇಲೆ ಆ ಖಾಲಿ ಜಾಗವೇ ನಮ್ಮ ಪರ ಮಾತಾಡಿತು.

ವಾಟ್ಸಾಪಿನ ಸ್ಕ್ರೀನ್‌ಶಾಟ್ ತೆಗೆದರೆ ಮುಗೀತು ಅಂದುಕೊಳ್ಳಬೇಡಿ. 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಇಂಥ ದಾಖಲೆಯ ಜೊತೆ, ಅದು ಯಾವ ಫೋನಿನಿಂದ ಹೇಗೆ ತೆಗೆದದ್ದು ಅಂತ ಹೇಳುವ ಒಂದು ಸರ್ಟಿಫಿಕೇಟ್ ಕೊಡಬೇಕು. ಗ್ರಾಹಕರ ಆಯೋಗದಲ್ಲಿ ಅಷ್ಟು ಬಿಗಿ ಇರುವುದಿಲ್ಲ, ಆದ್ರೂ ಎದುರಿನ ವಕೀಲರ ಬಾಯಿ ಮುಚ್ಚಿಸಲು ಇದ್ದರೆ ಒಳ್ಳೆಯದು. ಫೋನ್ ಬದಲಿಸಬೇಕು ಅಂತಿದ್ದೆ, ಅದನ್ನೂ ಮುಂದಕ್ಕೆ ಹಾಕಿದೆ.

ಮಾತ್ರೆಯೇ ಕಾರಣ ಅಂತ ತೋರಿಸುವುದು ಇನ್ನೊಂದು ತಲೆನೋವು. ಇದಕ್ಕೆ ಡಾಕ್ಟರುಗಳ ಹತ್ತಿರ ಒಂದು ಅಳತೆಗೋಲಿದೆ, ನರಾಂಜೊ ಸ್ಕೇಲ್ ಅಂತ. ಮಾತ್ರೆ ಶುರುವಾದ ಮೇಲೆ ಲಕ್ಷಣ ಬಂತಾ, ನಿಲ್ಲಿಸಿದ ಮೇಲೆ ಕಡಿಮೆಯಾಯ್ತಾ, ಬೇರೆ ಕಾರಣ ಇರಬಹುದಾ ಅಂತ ಕೇಳಿ ಅಂಕ ಕೊಡುತ್ತಾರೆ. ಅಡ್ಡಪರಿಣಾಮಗಳ ಮೇಲೆ ಕಣ್ಣಿಡುವ ಸರ್ಕಾರಿ ವ್ಯವಸ್ಥೆಯೂ ಇದೆ. ಅದರ ಕೇಂದ್ರ ಗಾಜಿಯಾಬಾದಿನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್, ಉಚಿತ ಸಹಾಯವಾಣಿ 1800-180-3024. ನಾವೇ ವರದಿ ಕೊಡಬಹುದು. ಅಲ್ಲಿಂದ ಪರಿಹಾರ ಸಿಗುವುದಿಲ್ಲ, ಆದರೆ ದಿನಾಂಕದ ಸಮೇತ ದಾಖಲಾಗುತ್ತದೆ. ಚರ್ಮದ ಡಾಕ್ಟ್ರು ಕೇಸ್ ಶೀಟಿನಲ್ಲೇ ಕಾರ್ಬಮಜೆಪಿನ್ ಹೆಸರು ಬರೆದಿದ್ದು ನಮ್ಮ ಪುಣ್ಯ.

ಕಂಪನಿಯನ್ನೂ ಸೇರಿಸಬೇಕು ಅಂತ ತಮ್ಮನ ಹಠ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ತಯಾರಕರ ಹೊಣೆಗೇ ಒಂದು ಅಧ್ಯಾಯ ಇದೆ ನಿಜ. ಆದರೆ 87ನೇ ಸೆಕ್ಷನ್ ಓದಿದರೆ ಉತ್ಸಾಹ ಇಳಿಯುತ್ತದೆ. ತಜ್ಞರ ಮೂಲಕವೇ ಕೊಡಬೇಕಾದ ವಸ್ತುವಾಗಿದ್ದು, ಆ ತಜ್ಞರಿಗೆ ಎಚ್ಚರಿಕೆ ಮುಟ್ಟಿಸಲು ತಯಾರಕರು ತಕ್ಕ ಕ್ರಮ ತೆಗೆದುಕೊಂಡಿದ್ದರೆ ಅವರು ಪಾರು. ಕಾರ್ಬಮಜೆಪಿನ್ ಜೊತೆಗಿನ ವಿವರದಲ್ಲಿ ಈ ಚರ್ಮದ ಕಾಯಿಲೆಯ ಹೆಸರೇ ಇದೆ. ಏಷ್ಯಾ ಮೂಲದವರಲ್ಲಿ ಒಂದು ಜೀನ್ ಇದ್ದರೆ ಅಪಾಯ ಜಾಸ್ತಿ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2007ರಲ್ಲೇ ಎಚ್ಚರಿಸಿತ್ತು. ಹಾಗಾಗಿ ಕಂಪನಿಯನ್ನು ಬಿಟ್ಟೆವು. ಎಚ್ಚರಿಕೆ ಡಾಕ್ಟರ ತನಕ ಬಂದಿತ್ತು, ಅಲ್ಲಿಂದ ಅಮ್ಮನ ತನಕ ಬರಲಿಲ್ಲ. ನಮ್ಮ ದೂರು ಅಷ್ಟೇ.

ವೈದ್ಯಕೀಯ ಮಂಡಳಿಗೆ ದೂರು ಕೊಟ್ಟರೆ ಡಾಕ್ಟರ ನೋಂದಣಿಯ ಮೇಲೆ ಕ್ರಮ ಆಗಬಹುದು, ನಮಗೆ ದುಡ್ಡು ಬರುವುದಿಲ್ಲ. ಪೊಲೀಸರ ದಾರಿ ಇನ್ನೂ ಕಷ್ಟ. ಭಾರೀ ನಿರ್ಲಕ್ಷ್ಯ ಇರಬೇಕು ಅಂತ ಸುಪ್ರೀಂ ಕೋರ್ಟ್ 2005ರಲ್ಲೇ ಹೇಳಿದೆ. ಪರಿಹಾರಕ್ಕೆ ಗ್ರಾಹಕರ ಆಯೋಗವೇ ಸರಿ. ದುಡ್ಡು ಕೊಟ್ಟು ಪಡೆದ ಚಿಕಿತ್ಸೆ ಸೇವೆಯೇ ಅಂತ 1995ರಲ್ಲೇ ತೀರ್ಮಾನವಾಗಿದೆ. ಎಲ್ಲರಿಗೂ ಪುಕ್ಕಟೆ ನೋಡುವ ಸರ್ಕಾರಿ ಆಸ್ಪತ್ರೆಗೆ ಇದು ಅನ್ವಯಿಸುವುದಿಲ್ಲ.

ಎರಡು ವರ್ಷದೊಳಗೆ ದೂರು ಹಾಕಬೇಕು. ಶುಲ್ಕದ ಲೆಕ್ಕ ನೀವು ಕೇಳುವ ಪರಿಹಾರದ ಮೇಲಲ್ಲ, ಚಿಕಿತ್ಸೆಗೆ ಕೊಟ್ಟ ದುಡ್ಡಿನ ಮೇಲೆ. ಅದು 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ. ಮೊದಲು ರಿಜಿಸ್ಟರ್ಡ್ ಪೋಸ್ಟಿನಲ್ಲಿ ನೋಟಿಸ್ ಕಳಿಸಿದೆವು. ಉತ್ತರ ಬರಲಿಲ್ಲ. ಆಮೇಲೆ ಇ-ಜಾಗೃತಿ ಪೋರ್ಟಲ್‌ನಲ್ಲಿ ದೂರು ಹಾಕಿದೆವು. ದೂರುದಾರರು ಅಮ್ಮನೇ, ಅವರ ಅಧಿಕಾರ ಪತ್ರ ಇಟ್ಟುಕೊಂಡು ಬೆಂಗಳೂರಿನ ಶಾಂತಿನಗರದಲ್ಲಿರುವ ಆಯೋಗಕ್ಕೆ ಓಡಾಡಿದ್ದು ನಾನು. ವಕೀಲರು ಕಡ್ಡಾಯವಲ್ಲ. ಆದರೂ ಅಫಿಡವಿಟ್ ಮತ್ತು ಡಾಕ್ಟರಿಗೆ ಕೇಳಬೇಕಾದ ಲಿಖಿತ ಪ್ರಶ್ನೆಗಳಿಗೆ ಒಬ್ಬ ವಕೀಲರ ನೆರವು ಪಡೆದೆ, ಕೊಟ್ಟ ಫೀಸು ದಂಡವಾಗಲಿಲ್ಲ.

ನೋಟಿಸ್ ಸಿಕ್ಕ ಮೇಲೆ ಎದುರುದಾರರಿಗೆ ಉತ್ತರ ಹಾಕಲು 30 ದಿನ, ಜಾಸ್ತಿ ಅಂದ್ರೆ ಇನ್ನೂ 15. ಆಮೇಲೆ ಸುಮ್ನೆ ಮುಂದಿನ ತಾರೀಖು, ಮುಂದಿನ ತಾರೀಖು. ಕಾಯ್ದೆಯಲ್ಲಿರುವ ಮೂರು ತಿಂಗಳ ಗಡುವನ್ನು ನಂಬಿ ಕೂರಬೇಡಿ. ಉತ್ತರದಲ್ಲಿ ಅವರು ಬರೆದದ್ದು ‘ಇದು ಅಪರೂಪದ ಅಡ್ಡಪರಿಣಾಮ, ಊಹಿಸಲು ಸಾಧ್ಯವಿಲ್ಲ’ ಅಂತ. ಬರುವುದನ್ನು ಊಹಿಸಲು ಆಗದಿರಬಹುದು. ಬಂದದ್ದರ ಫೋಟೊ ಕೈಗೆ ಸಿಕ್ಕ ಮೇಲೂ ಮುಂದುವರಿಸಿ ಅಂದದ್ದಕ್ಕೆ ಏನು ಉತ್ತರ? ಈ ಪ್ರಶ್ನೆಯನ್ನೇ ಲಿಖಿತವಾಗಿ ಕೇಳಿದೆವು. ಸ್ವಲ್ಪ ದಿನದಲ್ಲೇ ರಾಜಿಯ ಮಾತು ಬಂತು.

ಮಧ್ಯಸ್ಥಿಕೆಯಲ್ಲಿ ಮುಗಿಸಿದೆವು. ಮೊತ್ತ ಹೇಳಬಾರದು ಅಂತ ಷರತ್ತಿದೆ. ಆಸ್ಪತ್ರೆಯ ಖರ್ಚು ಪೂರ್ತಿ ಬಂತು, ಕಣ್ಣಿನ ಚಿಕಿತ್ಸೆಗೆ ಅಂತ ಒಂದಿಷ್ಟು ಬಂತು. ತಪ್ಪು ಒಪ್ಪಿಕೊಳ್ಳುತ್ತಿಲ್ಲ ಅನ್ನುವ ಸಾಲನ್ನು ಅವರು ಒಪ್ಪಂದದಲ್ಲಿ ಬರೆಸಿದರು. ತಮ್ಮ ಇವತ್ತಿಗೂ ತೀರ್ಪೇ ಆಗಬೇಕಿತ್ತು ಅನ್ನುತ್ತಾನೆ. ಅಮ್ಮ ಮಾತ್ರ, ಆ ಮೆಟ್ಟಿಲು ಹತ್ತೋದು ತಪ್ಪಿತಲ್ಲ, ಸಾಕು ಅಂದರು.